ಮಳೆಯಲ್ಲಿ ನೆನೆದ ಬೈಕ್ ಮರುದಿನ ಬೆಳಿಗ್ಗೆ ಏಕೆ ಹಟ ಹಿಡಿಯುತ್ತದೆ?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ, 150 ಸಿಸಿಯ, ಕಾರ್ಬುರೇಟರ್ ಇರುವ ಬೈಕ್. ಮಳೆಯಲ್ಲಿ ಒಂದು ಗಂಟೆ ಓಡಿಸಿದರೂ ದಾರಿಯಲ್ಲಿ ಹೆಚ್ಚಿನ ತೊಂದರೆ ಕೊಡುವುದಿಲ್ಲ, ಅಪರೂಪಕ್ಕೊಮ್ಮೆ ಸ್ವಲ್ಪ ಮಿಸ್ಸಿಂಗ್ ಹೊಡೆಯುತ್ತದೆ. ಆದರೆ ರಾತ್ರಿ ನಿಲ್ಲಿಸಿ ಮರುದಿನ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ. ಹತ್ತು ಹದಿನೈದು ಕಿಕ್ ಹೊಡೆದ ಮೇಲೆ ಸೈಲೆನ್ಸರಿನಲ್ಲಿ ‘ಪಟ್’ ಎಂಬ ಸದ್ದಾಗಿ, ಎರಡು ಕ್ಷಣ ಓಡಿ ನಿಂತುಬಿಡುತ್ತದೆ. ಬಿಸಿಲು ಏರಿದ ಮೇಲೆ ಅದೇ ಬೈಕ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಒಬ್ಬ ಮೆಕ್ಯಾನಿಕ್ ಕಿಡಿ ಹಾರಿಸುವ ಪ್ಲಗ್ ಬದಲಾಯಿಸಿದರು, ಇನ್ನೊಬ್ಬರು ಕಾರ್ಬುರೇಟರ್ ಬಿಚ್ಚಿ ತೊಳೆದರು, ಈಗ ಪ್ಲಗ್ಗಿಗೆ ವಿದ್ಯುತ್ ಒದಗಿಸುವ ಕಾಯಿಲ್ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಹಾಕಿಸಲೇ? ಅಥವಾ ನೀರು ಓಡಿಸುವ ಸ್ಪ್ರೇ ಹೊಡೆದರೆ ಸಾಕಾದೀತೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ‘ಬಿಸಿಲು ಏರಿದ ಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ’ ಎಂಬ ಮಾತು. ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಆ ಒಂದು ಮಾತೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಬಿಸಿಲಿಗೆ ಆರಿಹೋಗಬಲ್ಲ ತೇವ ಎಲ್ಲಿ ಕೂತಿರಬಹುದೋ ಅಲ್ಲಿ ಹುಡುಕಬೇಕು. ಬಿಸಿಲಿಗೆ ಆರದ ನೀರು ಎಲ್ಲಿರುತ್ತದೋ ಆ ಜಾಗಗಳನ್ನು ಸದ್ಯಕ್ಕೆ ಬದಿಗಿಡಬಹುದು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿನ ತಳದಲ್ಲಿ ಸೇರಿದ ನೀರು ಮಧ್ಯಾಹ್ನದ ಹೊತ್ತಿಗೆ ತಾನಾಗಿ ಮಾಯವಾಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ನೀರೂ ಅಷ್ಟೇ. ಆದ್ದರಿಂದ ಕಾರ್ಬುರೇಟರ್ ತೊಳೆಸಿದ್ದರಿಂದ ನಿಮಗೆ ಫಲ ಸಿಗದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪ್ಲಗ್ ಬದಲಾಯಿಸಿದರೂ ಗುಣ ಕಾಣದಿರುವುದಕ್ಕೆ ಕಾರಣ, ನನ್ನ ಅಂದಾಜಿನಲ್ಲಿ, ದೋಷ ಪ್ಲಗ್ಗಿನಲ್ಲಿರದೆ ಅದರ ನೆತ್ತಿಯ ಮೇಲಿರುವ ಪ್ಲಗ್ ಕ್ಯಾಪಿನಲ್ಲಿ ಅಥವಾ ಕ್ಯಾಪಿಗೆ ಬರುವ ದಪ್ಪ ವೈರಿನಲ್ಲಿ ಇರುವುದು. ಕಾಯಿಲ್ ಹಾಕಿಸುವ ನಿರ್ಧಾರವನ್ನು ಸ್ವಲ್ಪ ತಡೆಯಿರಿ. ಅದಕ್ಕೆ ಮೊದಲು ನೀವೇ ಮಾಡಿ ನೋಡಬಹುದಾದ ಪರೀಕ್ಷೆಗಳು ಕೆಲವಿವೆ, ಅವು ಏಕೆ ಬೇಕು ಎಂಬುದನ್ನೂ ಜೊತೆಗೇ ಹೇಳುತ್ತೇನೆ.

ಕಾಯಿಲ್ಲಿನಿಂದ ಪ್ಲಗ್ಗಿಗೆ ಹೋಗುವ ವಿದ್ಯುತ್ತಿನ ಒತ್ತಡ ಹತ್ತು ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ. ಅಷ್ಟು ಒತ್ತಡದ ವಿದ್ಯುತ್ತು ಸದಾ ಎಂಜಿನ್ನಿನ ಲೋಹದ ಮೈಗೆ ಹಾರುವ ಹತ್ತಿರದ ದಾರಿಯನ್ನೇ ಹುಡುಕುತ್ತಿರುತ್ತದೆ. ನಾವು ಬಯಸುವ ದಾರಿ ಒಂದೇ: ಪ್ಲಗ್ಗಿನ ತುದಿಯಲ್ಲಿರುವ 0.6ರಿಂದ 0.8 ಮಿಲಿಮೀಟರಿನಷ್ಟು ಸಣ್ಣ ಸಂದು. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಅಥವಾ ವೈರಿನ ಹೊದಿಕೆ ಎಲ್ಲೋ ಸವೆದಿದ್ದರೆ, ಒಣಗಿರುವಾಗ ಆ ಬಿರುಕಿನಲ್ಲಿರುವ ಗಾಳಿ ವಿದ್ಯುತ್ತನ್ನು ತಡೆದು ನಿಲ್ಲಿಸುತ್ತದೆ. ಅದೇ ಬಿರುಕಿಗೆ ರಸ್ತೆಯ ಧೂಳು ಮತ್ತು ಲವಣ ಬೆರೆತ ನೀರು ಇಳಿದರೆ ವಿದ್ಯುತ್ತಿಗೆ ಕಳ್ಳದಾರಿ ಸಿಕ್ಕಂತೆ. ಅಚ್ಚ ಮಳೆನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ, ಆದರೆ ಮುಂದಿನ ಚಕ್ರ ಎರಚುವ ನೀರು ಅಚ್ಚ ಮಳೆನೀರಲ್ಲ, ಕೆಸರುನೀರು. ಹೀಗಾಗಿ ಮಳೆ ಹೊಸ ದೋಷವನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಬೇಸಿಗೆಯುದ್ದಕ್ಕೂ ಅಡಗಿದ್ದ ದೋಷವನ್ನು ಹೊರಗೆ ತೋರಿಸಿತು ಎಂದು ತಿಳಿಯುವುದು ಸರಿ.

ಹಾಗಿದ್ದರೆ ಸುರಿಯುವ ಮಳೆಯಲ್ಲಿ ಓಡುವ ಬೈಕ್, ಮಳೆ ನಿಂತು ರಾತ್ರಿ ಕಳೆದ ಮೇಲೆ ಏಕೆ ಕೈಕೊಡಬೇಕು ಎಂದು ನೀವು ಕೇಳಬಹುದು. ಓಡುತ್ತಿರುವಾಗ ಎಂಜಿನ್ನಿನ ತಲೆ ಕಾದಿರುತ್ತದೆ. ಪ್ಲಗ್ಗಿನ ಸುತ್ತ ಬಿದ್ದ ನೀರು ಅಲ್ಲಿಯೇ ಆವಿಯಾಗುತ್ತದೆ. ಕ್ಯಾಪಿನ ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ನೀವು ಗಾಡಿ ನಿಲ್ಲಿಸಿ ಎಂಜಿನ್ ತಣ್ಣಗಾಗುತ್ತ ಬಂದಂತೆ ಆ ಗಾಳಿ ಕುಗ್ಗುತ್ತದೆ, ಕುಗ್ಗುವಾಗ ಹೊರಗಿನ ತೇವವನ್ನು ಕ್ಯಾಪಿನ ಅಂಚಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ರಬ್ಬರಿನ ಬಿಗಿ ಚೆನ್ನಾಗಿದ್ದರೆ ಎಳೆತಕ್ಕೆ ಸಿಗುವುದು ಏನೂ ಇಲ್ಲ. ಅಂಚು ಸಡಿಲಾಗಿದ್ದರೆ ಹನಿ ನೀರು ನೇರವಾಗಿ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಹೋಗಿ ಕೂರುತ್ತದೆ. ಬೆಳಗಿನ ಜಾವದ ಥಂಡಿಗೆ ಒಳಗೆ ಇಬ್ಬನಿಯಂತೆ ತೇವವೂ ಕಟ್ಟುತ್ತದೆ. ಮೇಲಾಗಿ ತಣ್ಣಗಿನ ಎಂಜಿನ್ನಿಗೆ ಬಿಸಿ ಎಂಜಿನ್ನಿಗಿಂತ ಬಲವಾದ ಕಿಡಿ ಬೇಕು, ಏಕೆಂದರೆ ತಂಪಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಬೇಡಿಕೆ ಹೆಚ್ಚಾದ ಹೊತ್ತಿನಲ್ಲಿಯೇ ಕಿಡಿ ಸೋರಿಹೋಗುತ್ತಿರುವುದು ನಿಮ್ಮ ಬೆಳಗಿನ ತೊಂದರೆಯ ಮೂಲ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಮೆಕ್ಯಾನಿಕ್ಕುಗಳೂ ಇದೊಂದರಲ್ಲಿ ಎಡವುತ್ತಾರೆ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದು ‘ಕರೆಂಟ್ ಚೆನ್ನಾಗಿ ಬರುತ್ತಿದೆ’ ಎಂದು ತೀರ್ಮಾನಿಸುವುದು ವಾಡಿಕೆ. ಹೊರಗಿನ ಗಾಳಿಯಲ್ಲಿ ಆ ಸಣ್ಣ ಸಂದನ್ನು ದಾಟಲು ಎರಡು ಮೂರು ಸಾವಿರ ವೋಲ್ಟ್ ಸಾಕು. ಸಿಲಿಂಡರಿನ ಒಳಗೆ, ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಿಹಿಡಿದಿರುವಾಗ, ಅದೇ ಸಂದನ್ನು ದಾಟಲು ಅದರ ಹಲವು ಪಟ್ಟು ಒತ್ತಡ ಬೇಕಾಗುತ್ತದೆ. ಹೊರಗೆ ಪ್ಲಗ್ಗಿನ ತುದಿಯೇ ಸುಲಭದ ದಾರಿಯಾಗಿರುವುದರಿಂದ ಕಿಡಿ ಅಲ್ಲಿಯೇ ಹಾರುತ್ತದೆ. ಒಳಗೆ ಹಾಕಿದೊಡನೆ ಕ್ಯಾಪಿನ ಒದ್ದೆ ಬಿರುಕೇ ಸುಲಭದ ದಾರಿಯಾಗುತ್ತದೆ. ಹೀಗಾಗಿ ಹೊರಗೆ ಕಿಡಿ ಕಾಣದಿದ್ದರೆ ದೋಷವಿದೆ ಎಂದು ಖಂಡಿತವಾಗಿ ಹೇಳಬಹುದು, ಆದರೆ ಹೊರಗೆ ಕಿಡಿ ಕಂಡಿತೆಂದ ಮಾತ್ರಕ್ಕೆ ದೋಷವಿಲ್ಲ ಎನ್ನಲಾಗದು.

ಈ ಪಾಠ ನನಗೆ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿಯೇ ಸಿಕ್ಕಿತು. ನಿಮ್ಮಂಥದೇ ತೊಂದರೆಯಿದ್ದ ಒಂದು ಬೈಕಿಗೆ ನಾನು ಪ್ಲಗ್ ಹಾಕಿದೆ, ಕಾಯಿಲ್ ಹಾಕಿದೆ. ಮೂರನೆಯ ಮಳೆಗೆ ಗಾಡಿ ಮತ್ತೆ ಬಂತು. ಅಂದು ಸಂಜೆ ಕತ್ತಲಾದ ಮೇಲೆ ದೀಪವೆಲ್ಲ ಆರಿಸಿ, ಎಂಜಿನ್ ಓಡಿಸಿ, ದಪ್ಪ ವೈರಿನ ಮೇಲೆ ನೀರು ಚಿಮುಕಿಸಿದಾಗ ಟ್ಯಾಂಕಿನ ಅಡಿಯಲ್ಲಿ ವೈರ್ ಮಡಿಚಿಕೊಂಡಿದ್ದ ಜಾಗದಿಂದ ಸಿಲಿಂಡರನ್ನು ತಂಪಾಗಿಡುವ ಲೋಹದ ರೆಕ್ಕೆಗೆ ನೀಲಿ ಎಳೆಯೊಂದು ಟಿಕ್ ಟಿಕ್ ಎಂದು ಹಾರುವುದು ಕಂಡಿತು. ಚೌಕಟ್ಟಿಗೆ ಉಜ್ಜಿ ಉಜ್ಜಿ ವೈರಿನ ಹೊದಿಕೆ ಅಲ್ಲಿ ಕಾಗದದಷ್ಟು ತೆಳುವಾಗಿತ್ತು. ಅಂದಿನಿಂದ ಕತ್ತಲ ಪರೀಕ್ಷೆ ಮಾಡದೆ ನಾನು ಯಾರಿಗೂ ಕಾಯಿಲ್ ಬದಲಾಯಿಸಿ ಎಂದು ಹೇಳಿಲ್ಲ.

ನೀವೂ ಆ ಪರೀಕ್ಷೆಯನ್ನು ಮಾಡಬಹುದು. ಬೈಕ್ ಚೆನ್ನಾಗಿ ಸ್ಟಾರ್ಟ್ ಆಗುವ ಒಣ ದಿನವನ್ನೇ ಆರಿಸಿಕೊಳ್ಳಿ. ಗಾಳಿಯಾಡುವ ಕತ್ತಲ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಎಂಜಿನ್ ಓಡಲು ಬಿಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಕೂಡದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ. ಗಿಡಕ್ಕೆ ಅಥವಾ ಇಸ್ತ್ರಿಗೆ ನೀರು ಸಿಂಪಡಿಸುವ ಬಾಟಲಿಯಿಂದ ಮೊದಲು ಪ್ಲಗ್ ಕ್ಯಾಪಿನ ಮೇಲೆ ಮಾತ್ರ ಮಂಜಿನಂತೆ ನೀರು ಹಾಯಿಸಿ, ಅರ್ಧ ನಿಮಿಷ ಕಾಯಿರಿ. ಎಂಜಿನ್ ಸದ್ದು ಬದಲಾಗದಿದ್ದರೆ ಕ್ಯಾಪಿನಿಂದ ವೈರಿನ ಉದ್ದಕ್ಕೂ ಸಾಗಿ, ಕೊನೆಗೆ ಕಾಯಿಲ್ಲಿಗೆ ಬನ್ನಿ. ಎಲ್ಲದರ ಮೇಲೂ ಒಮ್ಮೆಗೇ ನೀರು ಸುರಿದರೆ ಪರೀಕ್ಷೆ ಕೆಟ್ಟಂತೆ, ಯಾವುದು ತಪ್ಪಿತಸ್ಥ ಎಂದು ತಿಳಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಕ್ಯಾಪನ್ನಾಗಲಿ ವೈರನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಕ್ಷೇಮ. ಎಂಜಿನ್ ತಡವರಿಸಿದ ಕ್ಷಣ ನೀವು ಯಾವ ಜಾಗವನ್ನು ನೆನೆಸಿದ್ದಿರೋ ದೋಷ ಅಲ್ಲಿದೆ. ಹಾರುವ ನೀಲಿ ಕಿಡಿ ಕಂಡರಂತೂ ಸಂಶಯಕ್ಕೆ ಎಡೆಯೇ ಇಲ್ಲ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕ್ಯಾಪನ್ನು ಎಳೆದು ಕೈಗೆ ತೆಗೆದುಕೊಂಡು ಬೆಳಕಿನಲ್ಲಿ ನೋಡಿ. ವೈರನ್ನು ಹಿಡಿದು ಎಳೆಯಬೇಡಿ, ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಗಿಸುತ್ತ ಎಳೆಯಿರಿ. ಒಳಗಿನ ಲೋಹದ ಹಿಡಿಕೆಯ ಸುತ್ತ ಹಸಿರು ಪುಡಿ ಕಟ್ಟಿದ್ದರೆ ನೀರು ಬಹಳ ಕಾಲದಿಂದ ಒಳಗೆ ಬರುತ್ತಿದೆ ಎಂದರ್ಥ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಮೇಲಿನಿಂದ ಕೆಳಗಿನ ಷಟ್ಕೋನದ ಲೋಹದವರೆಗೆ, ಸೀಸದ ಕಡ್ಡಿಯಿಂದ ಎಳೆದಂತೆ ಕೂದಲೆಳೆಯ ಕಪ್ಪು ಗೆರೆಯೊಂದು ಕಂಡರೆ ಅದು ಕೊಳೆಯಲ್ಲ, ಕಿಡಿ ನಡೆದುಹೋದ ದಾರಿ. ಅಂಥದೇ ಗೆರೆ ಕ್ಯಾಪಿನ ಒಳಗೋಡೆಯಲ್ಲಿಯೂ ಇರುತ್ತದೆ. ಒಮ್ಮೆ ಆ ಗೆರೆ ಮೂಡಿತೆಂದರೆ ಒರೆಸಿ ಪ್ರಯೋಜನವಿಲ್ಲ, ಸುಟ್ಟ ಆ ಇಂಗಾಲವೇ ವಿದ್ಯುತ್ತಿಗೆ ಹಾದಿಯಾಗುತ್ತದೆ. ಕ್ಯಾಪು, ಪ್ಲಗ್ಗು ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯ ಕ್ಯಾಪನ್ನೇ ಉಳಿಸಿಕೊಂಡು ಹೊಸ ಪ್ಲಗ್ ಹಾಕಿದರೆ ಹೊಸ ಪ್ಲಗ್ಗಿಗೂ ಕೆಲವೇ ಮಳೆಗಳಲ್ಲಿ ಅದೇ ಗೆರೆ ಅಂಟುತ್ತದೆ. ನಿಮ್ಮ ಹೊಸ ಪ್ಲಗ್ಗಿನ ಮೇಲೆ ಈಗಾಗಲೇ ಆ ಗೆರೆ ಮೂಡಿದೆಯೇ ಎಂದು ನೋಡುವ ಕುತೂಹಲ ನನಗಿದೆ.

ಹೆಚ್ಚಿನ ಬೈಕುಗಳಲ್ಲಿ ಕ್ಯಾಪು ವೈರಿನ ತುದಿಗೆ ಸ್ಕ್ರೂವಿನಂತೆ ತಿರುಗಿ ಕೂರುತ್ತದೆ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ಬಿಚ್ಚಿದರೆ ವೈರಿನ ತಾಮ್ರದ ಎಳೆಗಳು ಕಾಣುತ್ತವೆ. ಅವು ಹೊಳೆಯುವ ಕೆಂಪು ಬಣ್ಣದಲ್ಲಿರಬೇಕು. ಹಸಿರಾಗಿಯೋ ಕಪ್ಪಾಗಿಯೋ ಇದ್ದರೆ, ವೈರಿಗೆ ಸಾಕಷ್ಟು ಉದ್ದವಿರುವಾಗ, ತುದಿಯಿಂದ ಐದಾರು ಮಿಲಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಹೊಸ ಕ್ಯಾಪನ್ನು ತಿರುಗಿಸಿ ಕೂರಿಸಿ. ಹಲವು ಕ್ಯಾಪುಗಳ ಒಳಗೆ ಸುಮಾರು 5 ಕಿಲೋಓಮ್ ರೋಧಕವಿರುತ್ತದೆ. ಮಲ್ಟಿಮೀಟರ್ ಇದ್ದವರು ಅದನ್ನು ಅಳೆದು ನೋಡಬಹುದು, ಅಳತೆ ಅನಂತಕ್ಕೆ ಹೋದರೆ ಕ್ಯಾಪು ಮುಗಿದಿದೆ. ಪ್ಲಗ್ಗಿನ ನೆತ್ತಿಯಲ್ಲಿರುವ ಪುಟ್ಟ ನಟ್ಟನ್ನೂ ಮರೆಯಬೇಡಿ. ಕೆಲವು ಕ್ಯಾಪುಗಳಿಗೆ ಆ ನಟ್ ಬೇಕು, ಕೆಲವಕ್ಕೆ ಬೇಡ. ಬೇಕಾದ ಕಡೆ ಅದು ಸಡಿಲವಾಗಿದ್ದರೆ ಮಳೆಯಿಲ್ಲದ ದಿನವೂ ಮಿಸ್ಸಿಂಗ್ ತಪ್ಪುವುದಿಲ್ಲ.

ಕ್ಯಾಪು ಚೆನ್ನಾಗಿದ್ದರೂ ನೀರಿನಲ್ಲಿ ಮುಳುಗಿ ಕೂತರೆ ಅದೇನು ಮಾಡೀತು? ಪ್ಲಗ್ ಕೂರುವ ಜಾಗ ಹಲವು ಎಂಜಿನ್ನುಗಳಲ್ಲಿ ಸಣ್ಣ ಬಾವಿಯಂತೆ ತಗ್ಗಾಗಿರುತ್ತದೆ. ಅಲ್ಲಿ ಸೇರಿದ ನೀರು ಹರಿದುಹೋಗಲೆಂದು ಸಿಲಿಂಡರಿನ ತಲೆಯಲ್ಲಿ ಒಂದು ಸಣ್ಣ ರಂಧ್ರವನ್ನು ಕೊರೆದಿರುತ್ತಾರೆ. ವರ್ಷಗಟ್ಟಲೆ ಧೂಳು, ಎಣ್ಣೆಯ ಜಿಡ್ಡು, ಕೆಸರು ಸೇರಿ ಆ ರಂಧ್ರ ಮುಚ್ಚಿಹೋಗುತ್ತದೆ, ಆಗ ಒಂದು ಮಳೆಯ ನೀರು ಅಲ್ಲಿಯೇ ಗಂಟೆಗಟ್ಟಲೆ ನಿಲ್ಲುತ್ತದೆ. ಟಾರ್ಚ್ ಹಿಡಿದು ಆ ರಂಧ್ರವನ್ನು ಹುಡುಕಿ, ಪ್ಲಗ್ ಕೂತಿರುವಾಗಲೇ ತೆಳ್ಳಗಿನ ತಂತಿಯಿಂದ ಬಿಡಿಸಿ. ಪ್ಲಗ್ ಬಿಚ್ಚಿ ಈ ಕೆಲಸ ಮಾಡಿದರೆ ಕೆಸರು ಸಿಲಿಂಡರಿನ ಒಳಗೆ ಬೀಳುತ್ತದೆ. ಈ ಚಿಕ್ಕ ರಂಧ್ರವೊಂದನ್ನು ಬಿಡಿಸಿ ಸರಿಹೋದ ಬೈಕುಗಳನ್ನು ನಾನು ಹಲವು ಕಂಡಿದ್ದೇನೆ.

ಇನ್ನು, ಕಿಡಿಯ ಕಡೆಯ ದೋಷವೋ ಪೆಟ್ರೋಲಿನ ಕಡೆಯದೋ ಎಂಬ ಮೂಲ ಪ್ರಶ್ನೆಗೆ ಬೆಳಗಿನ ಹೊತ್ತಿನಲ್ಲಿಯೇ ಉತ್ತರ ಪಡೆಯುವ ಉಪಾಯ. ಎಂಟು ಹತ್ತು ಕಿಕ್ಕಿಗೂ ಸ್ಟಾರ್ಟ್ ಆಗದಿದ್ದಾಗ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ಬೆರಳಿನಿಂದ ಮುಟ್ಟಿ. ಒದ್ದೆಯಾಗಿದ್ದು, ಬೆರಳಿಗೆ ಅಂಟಿದ್ದು ಕ್ಷಣದಲ್ಲಿ ತಣ್ಣನೆ ಆರಿಹೋಗಿ ಪೆಟ್ರೋಲ್ ವಾಸನೆ ಉಳಿದರೆ, ಪೆಟ್ರೋಲ್ ಬರುತ್ತಿದೆ, ಅದನ್ನು ಹೊತ್ತಿಸುವ ಕಿಡಿ ಇಲ್ಲ. ಪೂರಾ ಒಣಗಿದ್ದರೆ ಪೆಟ್ರೋಲೇ ಸಿಲಿಂಡರಿಗೆ ತಲುಪುತ್ತಿಲ್ಲ. ಆರದೆ ಹನಿಹನಿಯಾಗಿ ನಿಲ್ಲುವ ನೀರು ಕಂಡರೆ ನೀರೇ ಒಳಗೆ ಹೋಗಿದೆ. ನೀವು ಹೇಳಿದ ‘ಪಟ್’ ಸದ್ದು ಮೊದಲನೆಯದರ ಕಡೆಗೆ ಬೆರಳು ತೋರುತ್ತದೆ: ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಸೇರಿ, ನಡುವೆ ಒಮ್ಮೆ ಸಿಕ್ಕ ಕಿಡಿಯ ಬೆಂಕಿಗೆ ಅಲ್ಲಿ ಹೊತ್ತಿಕೊಂಡಾಗ ಬರುವ ಸದ್ದು ಅದು.

ಒಂದು ಎಚ್ಚರಿಕೆ. ಕಿಡಿ ಸರಿಯಿಲ್ಲದಿರುವಾಗ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಚೋಕ್ ಎಳೆದು ಮತ್ತೆ ಮತ್ತೆ ಸೆಲ್ಫ್ ಒತ್ತಿದರೆ ಪ್ಲಗ್ ಪೆಟ್ರೋಲಿನಲ್ಲಿ ನೆನೆದು ಓವರ್‌ಫ್ಲೋ ಆಗುತ್ತದೆ. ಆಮೇಲೆ ಕ್ಯಾಪು ಒಣಗಿದರೂ ಗಾಡಿ ಹತ್ತುವುದಿಲ್ಲ, ಒಂದು ದೋಷದ ಮೇಲೆ ಇನ್ನೊಂದು ಸೇರಿ ತಲೆ ಕೆಡುತ್ತದೆ. ಸೆಲ್ಫನ್ನು ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಹತ್ತು ಹದಿನೈದು ಸೆಕೆಂಡ್ ಬಿಡುವು ಕೊಡಿ. ಓವರ್‌ಫ್ಲೋ ಆಗಿದೆ ಎನಿಸಿದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಚೋಕ್ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಪ್ಲಗ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಪ್ಲಗ್ಗನ್ನು ಬೆಂಕಿಗೆ ಹಿಡಿದು ಕಾಯಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಪೆಟ್ರೋಲ್ ಆವಿಯಿರುವ ಕಡೆ ಬೆಂಕಿ ತರುವುದೇ ತಪ್ಪು, ಪಿಂಗಾಣಿಯೂ ಸೀಳಬಹುದು.

ಬ್ಯಾಟರಿಯ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಸೆಲ್ಫಿಗೆ ಹತ್ತದ ಬೈಕ್ ಕಿಕ್ಕಿಗೆ ಹತ್ತುವುದುಂಟು. ಬ್ಯಾಟರಿಯಿಂದಲೇ ಕಿಡಿಗೆ ವಿದ್ಯುತ್ ಪಡೆಯುವ ಬೈಕುಗಳಲ್ಲಿ, ಸೆಲ್ಫ್ ಮೋಟಾರ್ ಬ್ಯಾಟರಿಯನ್ನು ಹೀರುತ್ತಿರುವಾಗ ಕಾಯಿಲ್ಲಿಗೆ ಉಳಿಯುವುದು ಕಡಿಮೆ, ಸೋರುವ ಕ್ಯಾಪಿನ ಜೊತೆ ಸೊರಗಿದ ಬ್ಯಾಟರಿಯೂ ಸೇರಿದರೆ ಕಿಡಿಗೆ ಬಲವೇ ಇರುವುದಿಲ್ಲ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ರಾತ್ರಿಯಿಡೀ ನಿಂತ ಮೇಲೆ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ. ಸೆಲ್ಫ್ ಒತ್ತಿದಾಗ 10 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್ಲುಗಳನ್ನೋ ಸಂಶಯಿಸಬೇಕು. ಟರ್ಮಿನಲ್ಲುಗಳ ಮೇಲೆ ಬೆಳೆದ ಬಿಳಿಯ ಅಥವಾ ಹಸಿರು ಪುಡಿಯನ್ನು ಕೆರೆದು, ಬಿಗಿ ಮಾಡಿ, ವ್ಯಾಸಲೀನ್ ಸವರಿ. ನಿಮ್ಮ ಬೈಕಿನಲ್ಲಿ ಸೆಲ್ಫ್ ಎಂಜಿನ್ನನ್ನು ಚುರುಕಾಗಿ ತಿರುಗಿಸುತ್ತಿದ್ದರೆ ಇದು ಮುಖ್ಯ ಕಾರಣವಲ್ಲ. ಸೆಲ್ಫ್ ಒತ್ತಿದರೆ ಏನೂ ಆಗದೆ ಸುಮ್ಮನಿರುವ ಬೈಕಿನ ವಿಷಯ ಬೇರೆಯೇ; ಅಲ್ಲಿ ಸೈಡ್ ಸ್ಟ್ಯಾಂಡಿನ ಸ್ವಿಚ್, ಕ್ಲಚ್ಚಿನ ಸ್ವಿಚ್, ಕಿಲ್ ಸ್ವಿಚ್ಚುಗಳಿಗೆ ನೀರು ಹೋಗಿದೆಯೇ ಎಂದು ಮೊದಲು ನೋಡಬೇಕು.

ಕ್ಯಾಪು, ವೈರು, ಬಾವಿ ಎಲ್ಲ ಸರಿಯಿದ್ದರೆ ಆಗ ಪೆಟ್ರೋಲಿನ ಕಡೆ ತಿರುಗೋಣ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಕಾರ್ಬುರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲಿನ ತಳದಲ್ಲಿ ಕೂರುತ್ತದೆ, ಸಣ್ಣ ರಂಧ್ರದ ನಳಿಕೆಗಳಾದ ಜೆಟ್ಟುಗಳೂ ಅಲ್ಲಿಂದಲೇ ಹೀರುತ್ತವೆ. ಆಕ್ಸಿಲರೇಟರ್ ಕೊಡದಿರುವಾಗ ಪೆಟ್ರೋಲ್ ಒದಗಿಸುವ ಪೈಲಟ್ ಜೆಟ್ಟಿನ ರಂಧ್ರ ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಿರಿದು. ಒಂದೇ ಹನಿ ನೀರು ಅದಕ್ಕೆ ಬಿರಡೆ ಹಾಕಿದಂತೆ ಅಂಟಿಕೊಂಡರೆ ಎಂಜಿನ್ ಐಡಲಿಂಗಿನಲ್ಲಿ ನಿಲ್ಲುವುದಿಲ್ಲ. ಆದರೆ ಆ ತೊಂದರೆ ಬಿಸಿಲಿಗೆ ಹೋಗುವಂಥದಲ್ಲ, ಆಕ್ಸಿಲರೇಟರ್ ಕೊಟ್ಟಾಗ ಓಡುತ್ತ ಬಿಟ್ಟಾಗ ಆರುತ್ತ ದಿನವಿಡೀ ಕಾಡುತ್ತದೆ. ಖಚಿತಪಡಿಸಿಕೊಳ್ಳಲು ಎಂಜಿನ್ ತಣ್ಣಗಿರುವಾಗ, ಬೆಂಕಿ ಕಿಡಿಗಳಿಂದ ದೂರದಲ್ಲಿ, ಬೌಲಿನ ತಳದ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಬಾಟಲಿಯನ್ನು ಓರೆ ಮಾಡಿದಾಗ ತಳದಲ್ಲಿ ಪಾದರಸದ ಗುಂಡುಗಳಂತೆ ಉರುಳುವ ಹನಿಗಳು ಕಂಡರೆ ಅದು ನೀರು.

ಬೌಲಿನಲ್ಲಿ ನೀರು ಸಿಕ್ಕಿತೆಂದರೆ ಅದು ಹೆಚ್ಚಾಗಿ ಟ್ಯಾಂಕಿನಿಂದ ಬಂದದ್ದು. ಟ್ಯಾಂಕಿನ ಮುಚ್ಚಳದ ಸುತ್ತ ನೀರು ನಿಲ್ಲುವ ಒಂದು ತಗ್ಗು, ಆ ತಗ್ಗಿನಲ್ಲಿ ನೀರು ಇಳಿದುಹೋಗುವ ಒಂದು ಪುಟ್ಟ ರಂಧ್ರ ಇರುತ್ತವೆ. ಅದರಿಂದ ಒಂದು ನಳಿಕೆ ಬೈಕಿನ ಕೆಳಭಾಗಕ್ಕೆ ಹೋಗುತ್ತದೆ. ಅದು ಕಟ್ಟಿಕೊಂಡು ಮುಚ್ಚಳದ ರಬ್ಬರ್ ವಾಷರ್ ಕೂಡ ಗಟ್ಟಿಯಾಗಿದ್ದರೆ ಮಳೆನೀರು ಟ್ಯಾಂಕಿಗೇ ಇಳಿಯುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಎಥೆನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಂಡು ಎಂಜಿನ್ನಿಗೆ ತಿಳಿಯದಂತೆ ಸಾಗಿಸಿಬಿಡುತ್ತದೆ, ಆದರೆ ಮಿತಿ ಮೀರಿದರೆ ನೀರು ಎಥೆನಾಲನ್ನೂ ಜೊತೆಗೆ ಎಳೆದುಕೊಂಡು ಬೇರೆ ಪದರವಾಗಿ ತಳಕ್ಕಿಳಿಯುತ್ತದೆ. ಶೇಕಡಾ 10 ಎಥೆನಾಲ್ ಇರುವ ಪೆಟ್ರೋಲಿನಲ್ಲಿ ಆ ಮಿತಿ ಸುಮಾರು ಶೇಕಡಾ 0.5ರಷ್ಟು ನೀರು ಮಾತ್ರ. ಆ ಪದರ ಟ್ಯಾಪಿಗೆ ಬಂದ ದಿನ ಯಾವ ಪ್ಲಗ್ಗೂ ನೆರವಿಗೆ ಬರದು, ಟ್ಯಾಂಕ್ ಖಾಲಿ ಮಾಡಿಸಲೇಬೇಕು.

ಏರ್ ಫಿಲ್ಟರ್ ಒದ್ದೆಯಾದರೂ ಸ್ಟಾರ್ಟ್ ಆಗುವುದು ಕಷ್ಟ. ಕಾಗದದ ಫಿಲ್ಟರ್ ನೆನೆದರೆ ಉಬ್ಬಿ ಗಾಳಿಯನ್ನು ತಡೆಯುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾಗುತ್ತದೆ. ಅಂಥ ಬೈಕ್ ಹೇಗೋ ಹತ್ತಿದರೂ ಎಳೆತವಿರುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ, ಪ್ಲಗ್ ಮಸಿಯಾಗಿರುತ್ತದೆ. ನೀವು ಇದಾವುದನ್ನೂ ಹೇಳಿಲ್ಲ, ಆದರೂ ಡಬ್ಬಿಯ ಮುಚ್ಚಳ ಬಿಚ್ಚಿ ಮುಟ್ಟಿ ನೋಡುವುದು ಐದು ನಿಮಿಷದ ಕೆಲಸ.

ಕಾರ್ಬುರೇಟರಿನ ಬದಲು ಇಂಜೆಕ್ಷನ್ ಇರುವ ಬೈಕುಗಳ ಮಾಲೀಕರೂ ಇದನ್ನು ಓದುತ್ತಿರಬಹುದು. ಅವರಿಗೂ ಕ್ಯಾಪು, ವೈರು, ಪ್ಲಗ್ಗಿನ ಬಾವಿಯ ಮಾತು ಹಾಗೆಯೇ ಅನ್ವಯಿಸುತ್ತದೆ. ಅದರ ಜೊತೆಗೆ ಸೆನ್ಸರುಗಳ ವೈರುಗಳನ್ನು ಜೋಡಿಸುವ ಕಪ್ಲರುಗಳಲ್ಲಿ ನೀರು ಕೂರುವ ಸಾಧ್ಯತೆಯಿದೆ; ಮೀಟರಿನಲ್ಲಿ ಎಂಜಿನ್ನಿನ ಎಚ್ಚರಿಕೆ ದೀಪ ಹತ್ತಿದ್ದರೆ ಊಹೆಗೆ ಹೋಗದೆ ದೋಷಸಂಕೇತವನ್ನು ಓದಿಸುವುದೇ ನೇರ ದಾರಿ. ಇಗ್ನಿಷನ್ ಆಫ್ ಮಾಡದೆ ಯಾವ ಕಪ್ಲರನ್ನೂ ಬಿಚ್ಚಬೇಡಿ.

ಸ್ಪ್ರೇ ಬಗ್ಗೆ ಕೇಳಿದ್ದೀರಿ. ಡಬ್ಲ್ಯೂಡಿ-40 ಎಂಬ ಹೆಸರಿಗೆ ಅರ್ಥವೇ ನೀರನ್ನು ಸರಿಸುವ ನಲವತ್ತನೆಯ ಪ್ರಯತ್ನ ಎಂದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ತುಕ್ಕು ತಡೆಯಲೆಂದು ಅದನ್ನು ತಯಾರಿಸಿದರು. ಅಂಥ ಸ್ಪ್ರೇ ಬೆಳಿಗ್ಗೆ ಒದ್ದೆಯಾದ ಕ್ಯಾಪಿನ ನೀರನ್ನು ಹೊರದೂಡಿ ಆ ಹೊತ್ತಿಗೆ ನಿಮ್ಮನ್ನು ಪಾರುಮಾಡುತ್ತದೆ, ಸಂಶಯವಿಲ್ಲ. ಹೊಡೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಆವಿ ಆರಲು ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ, ಏಕೆಂದರೆ ಅದು ಬೆಂಕಿ ಹಿಡಿಯುವ ದ್ರವ. ಆದರೆ ಬಿರುಕನ್ನು ಅದು ಮುಚ್ಚುವುದಿಲ್ಲ, ಮುಂದಿನ ಮಳೆಗೆ ಕಥೆ ಮತ್ತೆ ಮೊದಲಿನದೇ. ಹೊಸ ಕ್ಯಾಪು ಹಾಕುವಾಗ ಅದರ ರಬ್ಬರ್ ಅಂಚಿನ ಒಳಬದಿಗೆ ಮತ್ತು ವೈರ್ ಸೇರುವ ಕಡೆಗೆ ವಿದ್ಯುತ್ತನ್ನು ಹರಿಯಗೊಡದ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿದರೆ ಬಹುಕಾಲ ನೀರು ಒಳಗೆ ಹೋಗದು. ಲೋಹ ಲೋಹವನ್ನು ಮುಟ್ಟುವ ಜಾಗಕ್ಕೆ ಅದನ್ನು ಮೆತ್ತಬೇಡಿ. ಚಾಸಿಗೆ, ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ಇಲ್ಲಿ ಬೇಡ, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ನೆನೆದ ಬೈಕಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಆಗಲೇ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಎದ್ದ ಆವಿ ಹೊರಹೋಗದೆ ರಾತ್ರಿಯಿಡೀ ಅಲ್ಲಿಯೇ ಹನಿಗಟ್ಟುತ್ತದೆ. ಸ್ವಲ್ಪ ಆರಿದ ಮೇಲೆ ಹೊದಿಸಿ. ಒತ್ತಡದ ನೀರಿನಲ್ಲಿ ತೊಳೆಸುವಾಗ ಪ್ಲಗ್ಗಿನ ಕಡೆಗೆ ನೇರವಾಗಿ ಹೊಡೆಯದಂತೆ ಹೇಳಿ, ಮಳೆ ನುಗ್ಗದ ಕಡೆಗೂ ಆ ನೀರು ನುಗ್ಗುತ್ತದೆ.

ಮೇಲೆ ಹೇಳಿದ್ದೆಲ್ಲ ಮಳೆಯಲ್ಲಿ ನೆನೆದ ಬೈಕಿಗೆ. ನೆರೆನೀರಿನಲ್ಲಿ ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಮುಳುಗುವಷ್ಟು ಆಳಕ್ಕೆ ಇಳಿದು ನಿಂತುಹೋದ ಬೈಕನ್ನು ಮಾತ್ರ ದಯವಿಟ್ಟು ಸ್ಟಾರ್ಟ್ ಮಾಡಲು ಯತ್ನಿಸಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ, ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಿ ಕುಗ್ಗಿಸಲಾಗದು; ಸೆಲ್ಫ್ ಒತ್ತಿದ ಆ ಒಂದು ಕ್ಷಣದಲ್ಲಿ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿಹೋಗಬಹುದು. ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು, ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿ ನೀರು ಹೊರಬರುವುದೇ ನೋಡಿ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಬದಲಾಯಿಸದೆ ಓಡಿಸಬೇಡಿ.

ಈಗ ನಿಮ್ಮ ಕಾಯಿಲ್ಲಿನ ಪ್ರಶ್ನೆ. ಕಾಯಿಲ್ ಒಳಗೆ ಸೀಳಿ ತೇವ ಹಿಡಿಯುವುದು ಇಲ್ಲವೇ ಇಲ್ಲ ಎಂದಲ್ಲ. ಆದರೆ ಕೆಡುವ ಕಾಯಿಲ್ ಹೆಚ್ಚಾಗಿ ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುತ್ತದೆ, ನಿಮ್ಮ ಬೈಕಿನದು ಅದಕ್ಕೆ ತೀರ ವಿರುದ್ಧವಾದ ನಡವಳಿಕೆ. ಕ್ಯಾಪು ಮತ್ತು ಪ್ಲಗ್ಗನ್ನು ಜೊತೆಯಾಗಿ ಬದಲಾಯಿಸಿ, ರಂಧ್ರ ಬಿಡಿಸಿ, ಕಾಯಿಲ್ ಕೂರಿಸಿದ ಬೋಲ್ಟಿನ ತುಕ್ಕು ಕೆರೆದು ಅರ್ಥಿಂಗ್ ಸರಿಮಾಡಿದ ಮೇಲೂ, ಕತ್ತಲ ಪರೀಕ್ಷೆಯಲ್ಲಿ ಕಾಯಿಲ್ಲಿನ ಮೇಲೆ ನೀರು ಹಾಯಿಸಿದಾಗಲೇ ಎಂಜಿನ್ ತಡವರಿಸಿದರೆ ಮಾತ್ರ ಹೊಸ ಕಾಯಿಲ್ ಹಾಕಿಸಿ. ದಪ್ಪ ವೈರ್ ಕಾಯಿಲ್ಲಿನಲ್ಲಿಯೇ ಅಚ್ಚಾಗಿ ಬಂದಿದ್ದು ಆ ವೈರೇ ಸವೆದಿದ್ದರೆ ಮಾತ್ರ ಬೇರೆ ದಾರಿಯಿಲ್ಲ.

ಏನನ್ನೂ ಕೊಳ್ಳುವ ಮೊದಲು ಒಂದು ರಾತ್ರಿ ಹೀಗೆ ಮಾಡಿ. ಮುಂದಿನ ಸಲ ಮಳೆಯಲ್ಲಿ ನೆನೆದು ಬಂದಾಗ, ಎಂಜಿನ್ ಕೈ ತಾಳುವಷ್ಟು ಬೆಚ್ಚಗಿರುವಾಗ ಕ್ಯಾಪನ್ನು ಎಳೆದು, ಒಳಗನ್ನೂ ಪ್ಲಗ್ಗಿನ ಪಿಂಗಾಣಿಯನ್ನೂ ಸುತ್ತಲಿನ ಬಾವಿಯನ್ನೂ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕ್ಯಾಪನ್ನು ಬೇರೆಯಾಗಿಯೇ ಬಿಟ್ಟು, ಬೈಕನ್ನು ಸೂರಿನಡಿ ನಿಲ್ಲಿಸಿ. ಬೆಳಿಗ್ಗೆ ಕ್ಯಾಪು ಸಿಕ್ಕಿಸಿ ಕಿಕ್ ಹೊಡೆಯಿರಿ. ಒಂದೆರಡು ಕಿಕ್ಕಿಗೆ ಹತ್ತಿದರೆ ದೋಷ ಅಲ್ಲಿಯೇ ಇದೆ ಎಂದು ಧೈರ್ಯವಾಗಿ ಕ್ಯಾಪು ಹಾಕಿಸಿ. ಹತ್ತದಿದ್ದರೆ ಆಗಲೇ ಪ್ಲಗ್ ಬಿಚ್ಚಿ, ತುದಿ ಒದ್ದೆಯಿತ್ತೋ ಒಣಗಿತ್ತೋ, ಒದ್ದೆಯಿದ್ದರೆ ಪೆಟ್ರೋಲೋ ನೀರೋ ಎಂಬುದನ್ನು ನೋಡಿಕೊಂಡು ನನಗೆ ಬರೆಯಿರಿ. ಮುಂದೆ ಕೈಯಿಡಬೇಕಾದ್ದು ಕಾರ್ಬುರೇಟರಿಗೋ ಕಾಯಿಲ್ಲಿಗೋ ಎಂಬುದನ್ನು ಅದರಿಂದ ಹೇಳಬಲ್ಲೆ.